ಮೂರರಲ್ಲಿ ಒಂದು ಪಾಲು: ವಸೀಯತ್, ವಕ್ಫ್ ಮತ್ತು ಮಕ್ಕಳ ಆಸ್ಪತ್ರೆ

ಬೆಂಗಳೂರಿನ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಎಂದು ಜನರು ಕರೆಯುವ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಿದೆ. ಅದರ ಪೂರ್ಣ ಹೆಸರು ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ. 1925ರಿಂದ ಇಂದಿನವರೆಗೆ ಅಲ್ಲಿ ಹುಟ್ಟಿದ ಮಕ್ಕಳನ್ನು ಎಣಿಸಿದವರಿಲ್ಲ. ಆ ಮಕ್ಕಳಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಎಲ್ಲ ಭಾಷೆಯವರೂ ಇದ್ದಾರೆ. ಅವರಲ್ಲಿ ಬಹುತೇಕರಿಗೆ ಈ ಇಸ್ಮಾಯಿಲ್ ಸೇಠರು ಯಾರೆಂಬುದು ತಿಳಿಯದು. ದಾನಿಯು 1934ರಲ್ಲಿ ಈ ಲೋಕವನ್ನು ಬಿಟ್ಟು ಹೋದರು. ಅವರ ದಾನ ಮಾತ್ರ ಈ ಹೊತ್ತಿಗೂ ಕೆಲಸ ಮಾಡುತ್ತಿದೆ.

ಮನುಷ್ಯನು ಮೃತಪಟ್ಟಾಗ ಅವನ ಕರ್ಮಗಳ ಪುಸ್ತಕವು ಮುಚ್ಚಲ್ಪಡುತ್ತದೆ. ಮೂರು ಬಾಗಿಲುಗಳು ಮಾತ್ರ ತೆರೆದಿರುತ್ತವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಿರಂತರವಾಗಿ ಹರಿಯುವ ದಾನ, ಜನರಿಗೆ ಪ್ರಯೋಜನವಾಗುವ ಜ್ಞಾನ, ಹೆತ್ತವರಿಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಈ ಮೊದಲನೆಯ ಬಾಗಿಲಿಗೆ ಸದಕಃ ಜಾರಿಯಃ ಎಂದು ಹೆಸರು. ನಮ್ಮ ಪ್ರವಚನಗಳಲ್ಲಿ ಇದನ್ನು ವಿವರಿಸುವಾಗ ಮಸೀದಿ, ಮದ್ರಸ ಮತ್ತು ಬಾವಿಯ ಉದಾಹರಣೆಗಳೇ ಹೆಚ್ಚಾಗಿ ಬರುತ್ತವೆ. ರೋಗಿಯ ಹಾಸಿಗೆ ಮತ್ತು ಮಗುವಿನ ಔಷಧಿ ಅಪರೂಪಕ್ಕೆ ಬರುತ್ತವೆ. ಆದರೆ ನಮ್ಮ ಇತಿಹಾಸದಲ್ಲಿ ಆಸ್ಪತ್ರೆಯ ದಾನವು ಮಸೀದಿಯ ದಾನದ ಪಕ್ಕದಲ್ಲಿಯೇ ಕುಳಿತಿದೆ. ಆ ಇತಿಹಾಸವನ್ನೂ, ಅದರೊಳಗೆ ಅಡಗಿರುವ ಒಂದು ಎಚ್ಚರಿಕೆಯನ್ನೂ ನೆನಪಿಸುವುದು ಈ ಲೇಖನದ ಉದ್ದೇಶ.

ಖೈಬರಿನ ತೋಟ ಮತ್ತು ಸಅದರ ಪ್ರಶ್ನೆ

ಹಿಜರಿ ಏಳನೆಯ ವರ್ಷದಲ್ಲಿ ಖೈಬರ್ ಮುಸ್ಲಿಮರ ವಶಕ್ಕೆ ಬಂದಾಗ ಹಜರತ್ ಉಮರ್(ರ) ಅವರ ಪಾಲಿಗೆ ಅಲ್ಲಿ ಒಂದು ಫಲವತ್ತಾದ ಜಮೀನು ದೊರೆಯಿತು. ಅದಕ್ಕಿಂತ ಉತ್ತಮವಾದ ಆಸ್ತಿ ಅವರಿಗೆ ಹಿಂದೆಂದೂ ದೊರೆತಿರಲಿಲ್ಲ. ಇದನ್ನು ಏನು ಮಾಡಲಿ ಎಂದು ಅವರು ಪ್ರವಾದಿವರ್ಯರನ್ನು(ಸ) ಕೇಳಿದರು. ಮೂಲವನ್ನು ತಡೆದಿಟ್ಟು ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿವರ್ಯರು(ಸ) ತೋರಿದರು. ಆ ಜಮೀನನ್ನು ಮಾರಬಾರದು, ಯಾರಿಗೂ ಕೊಡಬಾರದು, ಉತ್ತರಾಧಿಕಾರದಲ್ಲಿ ಹಂಚಬಾರದು. ಅದರ ಉತ್ಪನ್ನವು ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಸಲ್ಲಬೇಕು. ನೋಡಿಕೊಳ್ಳುವವರು ನ್ಯಾಯವಾದ ಮಿತಿಯಲ್ಲಿ ಅದರಿಂದ ಉಣ್ಣಬಹುದು. ಇವೇ ಅದರ ಷರತ್ತುಗಳು. ತಮ್ಮ ನಂತರ ಅದರ ಮೇಲ್ವಿಚಾರಣೆಯನ್ನು ಉಮರ್(ರ) ತಮ್ಮ ಪುತ್ರಿ ಹಜರತ್ ಹಫ್ಸಾ(ರ) ಅವರಿಗೆ ವಹಿಸಿದರು. ವಕ್ಫ್ ಎಂದು ನಾವು ಇಂದು ಕರೆಯುವ ವ್ಯವಸ್ಥೆಯ ಎಲ್ಲ ಅಂಗಗಳೂ ಈ ಒಂದೇ ದಾಖಲೆಯಲ್ಲಿವೆ.

ಎರಡನೆಯ ಘಟನೆ ಹಜರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರದು. ಅವರು ಮಕ್ಕಾದಲ್ಲಿ ಮರಣದ ಅಂಚಿಗೆ ಬಂದಷ್ಟು ಕಾಯಿಲೆ ಬಿದ್ದರು. ಪ್ರವಾದಿವರ್ಯರು(ಸ) ಅವರನ್ನು ನೋಡಲು ಬಂದರು. ತಮ್ಮಲ್ಲಿ ಬಹಳ ಸಂಪತ್ತಿದೆ, ಉತ್ತರಾಧಿಕಾರಿಯಾಗಿ ಒಬ್ಬಳು ಮಗಳು ಮಾತ್ರ ಇದ್ದಾಳೆ, ಮೂರರಲ್ಲಿ ಎರಡು ಪಾಲು ದಾನ ಮಾಡಲೇ ಎಂದು ಸಅದ್ ಕೇಳಿದರು. ಬೇಡವೆಂಬ ಉತ್ತರ ಬಂತು. ಅರ್ಧವನ್ನು? ಅದಕ್ಕೂ ಬೇಡವೆಂದರು. ಮೂರರಲ್ಲಿ ಒಂದನ್ನು? ಅದಕ್ಕೆ ಅನುಮತಿ ದೊರೆಯಿತು, ಆದರೆ ಅದೂ ಹೆಚ್ಚೇ ಎಂಬ ಮಾತಿನೊಂದಿಗೆ. ವಾರಸುದಾರರನ್ನು ಜನರ ಮುಂದೆ ಕೈಚಾಚುವ ಸ್ಥಿತಿಯಲ್ಲಿ ಬಿಡುವುದಕ್ಕಿಂತ ಅನುಕೂಲವಂತರಾಗಿ ಬಿಟ್ಟು ಹೋಗುವುದು ಮೇಲೆಂದು ಪ್ರವಾದಿವರ್ಯರು(ಸ) ಅದಕ್ಕೆ ಕಾರಣ ನೀಡಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಡೆದವರು ದಾನವನ್ನು ಎಲ್ಲರಿಗಿಂತ ಹೆಚ್ಚು ಪ್ರೋತ್ಸಾಹಿಸಿದ ಪ್ರವಾದಿವರ್ಯರು(ಸ). ತಡೆಯಲ್ಪಟ್ಟವರು ಸ್ವರ್ಗದ ಶುಭವಾರ್ತೆ ಪಡೆದ ಸಹಾಬಿ. ಕಾಯಿದವರು ಯಾರ ಹಕ್ಕನ್ನು? ಒಬ್ಬಳು ಹೆಣ್ಣುಮಗಳ ಹಕ್ಕನ್ನು. ಸಅದ್ ಆ ಕಾಯಿಲೆಯಿಂದ ಚೇತರಿಸಿಕೊಂಡು ಅನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿದರು. ಕಾದಿಸಿಯ್ಯದ ಯುದ್ಧವನ್ನು ನಡೆಸಿದರು, ಕೂಫಾ ನಗರವನ್ನು ಕಟ್ಟಿಸಿದರು, ಇನ್ನೂ ಅನೇಕ ಮಕ್ಕಳನ್ನು ಪಡೆದರು. ಇದೇ ಕೊನೆ ಎಂದು ತಿಳಿದ ಗಳಿಗೆಯಲ್ಲಿ ಎಲ್ಲವನ್ನೂ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡಿ. ಈ ಮಿತಿಯನ್ನೂ ಇನ್ನಷ್ಟು ಇಳಿಸಿ ನಾಲ್ಕರಲ್ಲಿ ಒಂದಕ್ಕೆ ತಂದರೆ ಚೆನ್ನೆಂದು ಹಜರತ್ ಇಬ್ನು ಅಬ್ಬಾಸ್(ರ) ಅಭಿಪ್ರಾಯಪಟ್ಟಿದ್ದರು.

ಡೇರೆಯಿಂದ ಬೀಮಾರಿಸ್ತಾನಕ್ಕೆ

ಮುಸ್ಲಿಮ್ ಚರಿತ್ರೆಯಲ್ಲಿ ಮೊದಲ ಶುಶ್ರೂಷಾ ಕೇಂದ್ರವನ್ನು ಮದೀನಾದ ಮಸೀದಿಯಲ್ಲಿಯೇ ಕಾಣುತ್ತೇವೆ. ಕಂದಕ ಯುದ್ಧದಲ್ಲಿ ಗಾಯಗೊಂಡ ಹಜರತ್ ಸಅದ್ ಬಿನ್ ಮುಆದ್(ರ) ಅವರನ್ನು ಅಲ್ಲಿಯ ಒಂದು ಡೇರೆಯಲ್ಲಿ ಇರಿಸಲಾಗಿತ್ತು. ಆ ಡೇರೆಯಲ್ಲಿ ಗಾಯಾಳುಗಳನ್ನು ಉಪಚರಿಸುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ.

ಅಲ್ಲಿಂದ ಮುಂದೆ ಬೀಮಾರಿಸ್ತಾನಗಳ ಯುಗ ಬಂತು. ಬೀಮಾರ್ ಎಂದರೆ ರೋಗಿ, ಸ್ತಾನ್ ಎಂದರೆ ಸ್ಥಳ. ಕನ್ನಡದ ಸ್ಥಾನ ಶಬ್ದಕ್ಕೆ ಅದು ನೆಂಟ. ಬಗ್ದಾದಿನಲ್ಲಿ ಹತ್ತನೆಯ ಶತಮಾನದ ಕೊನೆಯಲ್ಲಿ ಅದುದೀ ಆಸ್ಪತ್ರೆ, ದಮಾಸ್ಕಸ್ಸಿನಲ್ಲಿ 1154ರಲ್ಲಿ ಸುಲ್ತಾನ್ ನೂರುದ್ದೀನ್ ಝಂಗಿ ಕಟ್ಟಿಸಿದ ನೂರೀ ಆಸ್ಪತ್ರೆ, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರೀ ಆಸ್ಪತ್ರೆ. ಇವುಗಳನ್ನು ನಡೆಸಿದ್ದು ರೋಗಿಗಳು ತೆತ್ತ ಶುಲ್ಕವಲ್ಲ. ಅಂಗಡಿಗಳ, ಸ್ನಾನಗೃಹಗಳ, ಹೊಲಗಳ ಬಾಡಿಗೆಯನ್ನು ಆಸ್ಪತ್ರೆಗೆ ವಕ್ಫ್ ಮಾಡಲಾಗಿತ್ತು. ಸುಲ್ತಾನನು ಸತ್ತರೂ ಬಾಡಿಗೆ ನಿಲ್ಲುತ್ತಿರಲಿಲ್ಲ. ಆದ್ದರಿಂದಲೇ ನೂರೀ ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದವರೆಗೂ ಬಾಳಿತು.

ಮಕ್ಕಳ ರೋಗಗಳನ್ನೇ ಪ್ರತ್ಯೇಕವಾಗಿ ಅಭ್ಯಸಿಸುವ ವಿದ್ಯೆಯೂ ಈ ಪರಂಪರೆಯಲ್ಲಿ ಬೆಳೆಯಿತು. ಹತ್ತನೆಯ ಶತಮಾನದ ಆದಿಯಲ್ಲಿ ತೀರಿಕೊಂಡ ಅಬೂಬಕರ್ ಅರ್‌ರಾಝಿ ಮಕ್ಕಳ ಕಾಯಿಲೆಗಳ ಬಗ್ಗೆಯೇ ಒಂದು ಪುಸ್ತಿಕೆಯನ್ನು ಬರೆದರು. ಸಿಡುಬು ಮತ್ತು ದಡಾರಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಅವರ ಗ್ರಂಥ ಯುರೋಪಿನಲ್ಲಿಯೂ ಶತಮಾನಗಳ ಕಾಲ ಓದಲ್ಪಟ್ಟಿತು. ಕೈರುವಾನಿನ ಇಬ್ನುಲ್ ಜಝ್ಝಾರ್ ಶಿಶುಗಳ ಪಾಲನೆ ಮತ್ತು ಚಿಕಿತ್ಸೆಯನ್ನು ಕುರಿತು ಮತ್ತೊಂದು ಗ್ರಂಥವನ್ನು ರಚಿಸಿದರು. ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡ ಮನುಷ್ಯನಲ್ಲ, ಅದರ ದೇಹಕ್ಕೆ ಅದರದೇ ನಿಯಮಗಳಿವೆ ಎಂಬ ಅರಿವು ಈ ಬರಹಗಳ ಹಿಂದೆ ಇದೆ.

ಬೀದರಿನಿಂದ ದಂಡು ಪ್ರದೇಶದವರೆಗೆ

ಇದೆಲ್ಲ ದೂರದ ಅರಬ್ ನಾಡಿನ ಕಥೆಯೆಂದು ಭಾವಿಸಬೇಕಾಗಿಲ್ಲ. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಷಾಹನು ನಮ್ಮ ಬೀದರಿನಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿದನೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಔಷಧಿ ಮತ್ತು ಆಹಾರದ ವೆಚ್ಚಕ್ಕೆಂದು ಕೆಲವು ಹಳ್ಳಿಗಳ ಉತ್ಪನ್ನವನ್ನು ಅದಕ್ಕೆ ಮೀಸಲಿಡಲಾಗಿತ್ತು. ಅಲ್ಲಿ ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಲಾಗಿತ್ತು. ಇದನ್ನು ಬರೆದ ಫಿರಿಶ್ತಾ ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಮ್ ಆದಿಲ್ ಷಾಹನ ಆಶ್ರಯದಲ್ಲಿದ್ದವನು. ಭಾರತೀಯ ವೈದ್ಯಪದ್ಧತಿಯ ಬಗ್ಗೆ ಸ್ವತಃ ಪಾರಸಿಯಲ್ಲಿ ಗ್ರಂಥ ಬರೆದವನು. ಕನ್ನಡ ನೆಲದಲ್ಲಿ ಆರು ಶತಮಾನಗಳ ಹಿಂದೆಯೇ ಒಂದೇ ಸೂರಿನಡಿ ಇಬ್ಬರೂ ವೈದ್ಯರು ಇದ್ದರೆಂಬುದು ನಾವು ನಮ್ಮ ಮಕ್ಕಳಿಗೆ ಹೇಳಬೇಕಾದ ವಿಷಯ.

ಇನ್ನು ಬೆಂಗಳೂರಿಗೆ ಬರೋಣ. ಹಾಜಿ ಇಸ್ಮಾಯಿಲ್ ಸೇಠರು 1859ರಲ್ಲಿ ಹುಟ್ಟಿದ ಕಛ್ಛಿ ಮೇಮನ್ ವರ್ತಕರು. ವ್ಯಾಪಾರದಲ್ಲಿ ಬಹಳ ಎತ್ತರಕ್ಕೆ ಏರಿದರು. ಮೈಸೂರು ಸಂಸ್ಥಾನವು ಅವರಿಗೆ ವರ್ತಕರ ಹೆಮ್ಮೆ ಎಂಬ ಅರ್ಥದ ಫಖ್ರುತ್ತುಜ್ಜಾರ್ ಬಿರುದನ್ನು ನೀಡಿತು. ಬ್ರಿಟಿಷ್ ಸರ್ಕಾರ ಸರ್ ಪದವಿಯನ್ನು ಕೊಟ್ಟಿತು. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ಮಸೀದಿಯೂ ಅವರ ಹೆಸರಿನಲ್ಲಿದೆ. ಶಿವಾಜಿನಗರ ಆಗ ಮೈಸೂರು ಅರಸರ ಆಡಳಿತಕ್ಕೆ ಒಳಪಡದೆ ಬ್ರಿಟಿಷರ ದಂಡು ಪ್ರದೇಶಕ್ಕೆ ಸೇರಿತ್ತು.

ಗೋಷಾ ಎಂಬುದು ಪಾರಸಿ ಶಬ್ದ. ಮೂಲೆ, ಏಕಾಂತ ಎಂದು ಅರ್ಥ. ದಕ್ಷಿಣ ಭಾರತದಲ್ಲಿ ಅದು ಪರ್ದಾ ಪಾಲಿಸುವ ಸ್ತ್ರೀಯರನ್ನು ಸೂಚಿಸುವ ಪದವಾಯಿತು. ಆ ಕಾಲದ ಎಷ್ಟೋ ಹೆಂಗಸರು, ಮುಸ್ಲಿಮರು ಮಾತ್ರವಲ್ಲದೆ ಮೇಲ್ವರ್ಗದ ಹಿಂದೂಗಳೂ, ಪುರುಷ ವೈದ್ಯರ ಬಳಿಗೆ ಹೋಗುತ್ತಿರಲಿಲ್ಲ. ಹೆರಿಗೆ ಮನೆಯ ಕತ್ತಲೆಯ ಕೋಣೆಯಲ್ಲಿಯೇ ಆಗುತ್ತಿತ್ತು. ತೊಡಕಾದರೆ ತಾಯಿ ಮಗು ಇಬ್ಬರೂ ಅಲ್ಲಿಯೇ ಕೊನೆಯುಸಿರೆಳೆಯುತ್ತಿದ್ದರು. ಈ ಕಾರಣಕ್ಕಾಗಿಯೇ 1885ರಲ್ಲಿ ಮದರಾಸಿನಲ್ಲಿ ಒಂದು ಗೋಷಾ ಆಸ್ಪತ್ರೆ ಆರಂಭವಾಯಿತು. ಸ್ತ್ರೀಯರಿಗೆ ಸ್ತ್ರೀ ವೈದ್ಯರ ನೆರವು ದೊರಕಿಸಲು ಡಫರಿನ್ ನಿಧಿ ಸ್ಥಾಪನೆಯಾದದ್ದೂ ಅದೇ ವರ್ಷ. ನಾಲ್ಕು ದಶಕಗಳ ನಂತರ ಬೆಂಗಳೂರಿಗೆ ಆ ಸೌಲಭ್ಯವನ್ನು ತಂದದ್ದು ಇಸ್ಮಾಯಿಲ್ ಸೇಠರ ದಾನ. ಹೆಂಗಸರು ಪರ್ದಾ ಬಿಟ್ಟು ಬರಲಿ, ಆಮೇಲೆ ಚಿಕಿತ್ಸೆ ಎನ್ನಲಿಲ್ಲ. ಪರ್ದಾ ಇದೆ, ಆದ್ದರಿಂದ ಚಿಕಿತ್ಸೆ ಬೇಡ ಎಂದೂ ಎನ್ನಲಿಲ್ಲ. ಅವರು ಇದ್ದಲ್ಲಿಗೇ ಚಿಕಿತ್ಸೆಯನ್ನು ಒಯ್ದರು. ಮೈಸೂರು ಅರಸರ ಕಡೆಯ ಬೆಂಗಳೂರಿನಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ತೆರೆದದ್ದು ಅದರ ಹತ್ತು ವರ್ಷಗಳ ನಂತರ, 1935ರಲ್ಲಿ.

ಸೇಠರು ಇದನ್ನು ಮರಣಪತ್ರದಲ್ಲಿ ಬರೆದಿಟ್ಟು ಹೋಗಲಿಲ್ಲ. ಕಣ್ಣಮುಂದೆಯೇ ಮಾಡಿ ಮುಗಿಸಿದರು. ಆರೋಗ್ಯವಿರುವಾಗ, ಬಡತನದ ಭಯ ಮತ್ತು ಸಿರಿತನದ ಆಸೆ ಇನ್ನೂ ಇರುವಾಗ ಕೊಡುವ ದಾನವೇ ಶ್ರೇಷ್ಠವೆಂದೂ, ಪ್ರಾಣ ಗಂಟಲಿಗೆ ಬರುವವರೆಗೆ ಕಾದು ಅವನಿಗಿಷ್ಟು ಇವನಿಗಿಷ್ಟು ಎಂದು ಹಂಚತೊಡಗಬಾರದೆಂದೂ ಹದೀಸಿನಲ್ಲಿ ಬಂದಿದೆ. ಆ ಗಳಿಗೆಯಲ್ಲಿ ಸ್ವತ್ತು ಆಗಲೇ ಬೇರೆಯವರದಾಗಿರುತ್ತದೆ.

ಕೈರೋದ ನೆರಳು

ಈಗ ಎಚ್ಚರಿಕೆಯ ಮಾತು. ಕೈರೋದ ಮನ್ಸೂರೀ ಆಸ್ಪತ್ರೆಯ ಕಥೆಯನ್ನು ನಮ್ಮ ಭಾಷಣಕಾರರು ಅರ್ಧಕ್ಕೇ ನಿಲ್ಲಿಸುವುದುಂಟು. ಕಲಾವೂನ್ ಸುಲ್ತಾನನಾಗುವ ಮೊದಲು ದಮಾಸ್ಕಸ್ಸಿನಲ್ಲಿ ತೀವ್ರ ಹೊಟ್ಟೆನೋವಿಗೆ ತುತ್ತಾದನು. ನೂರೀ ಆಸ್ಪತ್ರೆಯಿಂದ ತಂದ ಔಷಧಿಯಿಂದ ಗುಣ ಹೊಂದಿ, ತಾನು ಅರಸನಾದರೆ ಇಂಥದನ್ನೇ ಕಟ್ಟಿಸುವೆನೆಂದು ಹರಕೆ ಹೊತ್ತನು. ಹರಕೆಯನ್ನು ಪೂರೈಸಿದನು. ಬಡವ ಬಲ್ಲಿದ, ಹೆಣ್ಣು ಗಂಡು ಎಂಬ ಭೇದವಿಲ್ಲದೆ ಎಲ್ಲರಿಗೂ ಅಲ್ಲಿ ಚಿಕಿತ್ಸೆ ದೊರೆಯಿತು. ಇಷ್ಟು ಎಲ್ಲರಿಗೂ ತಿಳಿದ ಭಾಗ.

ಆದರೆ ಇತಿಹಾಸಕಾರ ಮಕ್ರೀಝಿ ಇನ್ನೊಂದು ಭಾಗವನ್ನೂ ಬರೆದಿದ್ದಾನೆ. ಕಟ್ಟಡವನ್ನು ಬೇಗ ಮುಗಿಸುವ ಆತುರದಲ್ಲಿ ಜನರನ್ನು ಬಲವಂತದಿಂದ ದುಡಿಸಲಾಯಿತು. ಜಾಗಕ್ಕಾಗಿ ಅಲ್ಲಿದ್ದವರನ್ನು ಎಬ್ಬಿಸಲಾಯಿತು. ಇದರಿಂದಾಗಿ ಆ ಸಂಕೀರ್ಣದಲ್ಲಿ ನಮಾಝ್ ಮಾಡಲು ಕೆಲವು ಧರ್ಮಭೀರುಗಳು ಹಿಂಜರಿದರು. ನೂರಾರು ವರ್ಷ ರೋಗಿಗಳಿಗೆ ನೆರಳಾದ ಕಟ್ಟಡದ ಅಡಿಗಲ್ಲಿನಲ್ಲಿಯೇ ಈ ಪ್ರಶ್ನೆ ಉಳಿದುಬಿಟ್ಟಿತು. ಒಬ್ಬರ ಹಕ್ಕನ್ನು ಕಿತ್ತು ಇನ್ನೊಬ್ಬರಿಗೆ ಮಾಡಿದ ಉಪಕಾರ ಎಂಥ ಪುಣ್ಯ?

ಸುಲ್ತಾನರ ಕಾಲ ಮುಗಿಯಿತು, ಆದರೆ ಪ್ರಶ್ನೆ ಮುಗಿಯಲಿಲ್ಲ. ಇಂದು ಅದು ಅರಮನೆಯಿಂದ ಇಳಿದು ನಮ್ಮ ಮೂವತ್ತು ನಲವತ್ತರ ನಿವೇಶನದೊಳಗೆ ಬಂದಿದೆ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟಾಯಿತು ಎಂದು ಹೇಳಿ ಅವರ ಪಾಲನ್ನು ಇಲ್ಲವಾಗಿಸಿ, ಅದರಲ್ಲಿ ಒಂದಿಷ್ಟನ್ನು ಧರ್ಮಕಾರ್ಯಕ್ಕೆ ಕೊಟ್ಟು, ಅಮೃತಶಿಲೆಯ ಮೇಲೆ ತಂದೆಯ ಹೆಸರು ಕೆತ್ತಿಸುವವರಿದ್ದಾರೆ. ಮಗಳ ಪಾಲನ್ನು ನಿಗದಿ ಮಾಡಿದವನು ತಂದೆಯೂ ಅಲ್ಲ, ಅಣ್ಣನೂ ಅಲ್ಲ. ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿ ಮಾಡಿದ್ದಾನೆ.

ಇಸ್ಮಾಯಿಲ್ ಸೇಠರ ಕಛ್ಛಿ ಮೇಮನ್ ಸಮುದಾಯದ ಚರಿತ್ರೆಯೂ ಇಲ್ಲಿ ಪಾಠವಾಗುತ್ತದೆ. ಬ್ರಿಟಿಷ್ ಕಾಲದ ನ್ಯಾಯಾಲಯಗಳು ಉತ್ತರಾಧಿಕಾರದ ವಿಷಯದಲ್ಲಿ ಅವರನ್ನು ಹಳೆಯ ಹಿಂದೂ ಸಂಪ್ರದಾಯದ ಪ್ರಕಾರ ನೋಡುತ್ತಿದ್ದವು. ಮೂರರಲ್ಲಿ ಒಂದು ಎಂಬ ಮಿತಿಯಾಗಲಿ, ಹೆಣ್ಣುಮಕ್ಕಳಿಗೆ ನಿಗದಿತ ಪಾಲಾಗಲಿ ಅವರಿಗೆ ಕಡ್ಡಾಯವಾಗಿರಲಿಲ್ಲ. ಕೊನೆಗೆ 1938ರ ಕಾಯಿದೆಯಿಂದ ಅವರೂ ಸಂಪೂರ್ಣವಾಗಿ ಇಸ್ಲಾಮೀ ಉತ್ತರಾಧಿಕಾರ ಕಾನೂನಿಗೆ ಒಳಪಟ್ಟರು. ಸ್ವಾತಂತ್ರ್ಯ ಕೈಯಲ್ಲಿದ್ದೂ ಒಂದು ಸಮುದಾಯ ಶರೀಅತ್ತಿನ ಮಿತಿಗೆ ಬಂದು ಸೇರಿತು.

ಫಲವನ್ನು ಕೊಟ್ಟ ಲೇಖಕ

ಮೂಲವನ್ನು ಉಳಿಸಿ ಫಲವನ್ನು ಕೊಡುವ ಬುದ್ಧಿ ಇತರರಲ್ಲಿಯೂ ಇದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರಲ್ಲಿ ಆರಂಭವಾದದ್ದು. ಅದರ ನಿಧಿ ಸಂಗ್ರಹದ ಸಮಿತಿಗೆ ಬರಬೇಕೆಂದು ಲೇಖಕ ಜೆ. ಎಂ. ಬ್ಯಾರಿ ಅವರನ್ನು ಕೇಳಲಾಯಿತು. ಅವರು ಸಮಿತಿಗೆ ಬರಲು ಒಪ್ಪಲಿಲ್ಲ. ಬದಲಿಗೆ 1929ರಲ್ಲಿ ತಮ್ಮ ಪೀಟರ್ ಪ್ಯಾನ್ ಕೃತಿಯ ಹಕ್ಕುಗಳನ್ನೇ ಆಸ್ಪತ್ರೆಗೆ ಕೊಟ್ಟುಬಿಟ್ಟರು. 1937ರಲ್ಲಿ ತೀರಿಕೊಂಡಾಗ ಅವರ ಉಯಿಲು ಅದನ್ನು ದೃಢಪಡಿಸಿತು. ಅದರಿಂದ ಬಂದ ಹಣವೆಷ್ಟೆಂದು ಎಂದಿಗೂ ಬಹಿರಂಗಪಡಿಸಬಾರದೆಂದು ಅವರು ಕೋರಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿತ ನಮಗೆ ಇದರ ಸೊಗಸು ಬೇಗ ಅರ್ಥವಾಗುತ್ತದೆ. ಕೃತಿಸ್ವಾಮ್ಯದ ಅವಧಿ ಮುಗಿದ ಮೇಲೂ ಆ ಗೌರವಧನ ಆಸ್ಪತ್ರೆಗೆ ಸಲ್ಲುತ್ತಿರಲೆಂದು ಬ್ರಿಟಿಷ್ ಸಂಸತ್ತು 1988ರಲ್ಲಿ ಕಾನೂನು ಮಾಡಿತು. ಅದೇ 1929ರಲ್ಲಿ ಮುಂಬಯಿಯಲ್ಲಿ ಪಾರ್ಸಿ ವಾಡಿಯಾ ಕುಟುಂಬದ ದಾನದಿಂದ ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ ತೆರೆಯಿತು. ಒಳಿತಿನಲ್ಲಿ ಪೈಪೋಟಿ ನಡೆಸಿರೆಂದು ಕುರ್‌ಆನ್ ನಮಗೆ ಆದೇಶಿಸಿದೆ. ಆ ಪೈಪೋಟಿಯಲ್ಲಿ ನಾವೀಗ ಎಷ್ಟನೆಯ ಸ್ಥಾನದಲ್ಲಿದ್ದೇವೆ?

ಉಲ್ಲಾಳದ ಮನೆಗಳಿಗೆ

ನಮ್ಮ ಉಲ್ಲಾಳ, ಕೆಂಗೇರಿ, ಮಲ್ಲತ್ತಹಳ್ಳಿಗಳ ಕಡೆ ಆಸ್ಪತ್ರೆ ಕಟ್ಟಿಸುವಷ್ಟು ಶ್ರೀಮಂತರು ವಿರಳ. ಆದರೆ ಮೈಸೂರು ರಸ್ತೆ ಹಿಡಿದು ಮಗುವನ್ನು ಎತ್ತಿಕೊಂಡು ವಾಣಿವಿಲಾಸಕ್ಕೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಓಡಿದ ತಾಯಂದಿರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಥಲಸ್ಸೀಮಿಯಾದ ತೀವ್ರ ರೂಪವಿರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಕ್ಯಾನ್ಸರಿನ ಚಿಕಿತ್ಸೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಚಿಕಿತ್ಸೆ ಉಚಿತವಾದರೂ ಬಸ್ಸಿನ ಹಣ, ಹೊರಗಿನ ಔಷಧಿ, ತಂದೆಯ ಕೂಲಿಯ ನಷ್ಟ ಉಚಿತವಲ್ಲ. ಇಂಥಲ್ಲಿ ಸಾಮಾನ್ಯ ಕುಟುಂಬವೊಂದರ ಸಣ್ಣ ವಸೀಯತ್ತೂ ದೊಡ್ಡ ಆಸರೆಯಾಗಬಲ್ಲದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಒಬ್ಬರು ತೀರಿಕೊಂಡಾಗ ಮನೆ, ಚಿನ್ನ, ಉಳಿತಾಯ ಎಲ್ಲ ಸೇರಿ 60 ಲಕ್ಷ ರೂಪಾಯಿ ಇದೆಯೆನ್ನಿ. ತಂದೆತಾಯಿ ಮೊದಲೇ ತೀರಿದ್ದಾರೆ. ಪತ್ನಿ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ. ಮೊದಲು ದಫನದ ವೆಚ್ಚ, ಸಾಲ ಮತ್ತು ಕೊಡದೆ ಉಳಿದ ಮಹರ್. ಇವೆಲ್ಲ 6 ಲಕ್ಷವಾದರೆ ಉಳಿದದ್ದು 54 ಲಕ್ಷ. ವಸೀಯತ್ತಿನ ಗರಿಷ್ಠ ಮಿತಿ ಇದರ ಮೂರರಲ್ಲಿ ಒಂದು, ಅಂದರೆ 18 ಲಕ್ಷ. ಅಷ್ಟನ್ನೂ ಬರೆದಿದ್ದರೆ ವಾರಸುದಾರರಿಗೆ 36 ಲಕ್ಷ. ಪತ್ನಿಗೆ ಎಂಟರಲ್ಲಿ ಒಂದು, 4.5 ಲಕ್ಷ. ಉಳಿದ 31.5 ಲಕ್ಷದಲ್ಲಿ ಮಗನಿಗೆ 21, ಮಗಳಿಗೆ 10.5 ಲಕ್ಷ. ಪತ್ನಿಯ ಪಾಲು ಎಷ್ಟು ಚಿಕ್ಕದಾಯಿತೆಂದು ನೋಡಿ! ಮೂರರಲ್ಲಿ ಒಂದೂ ಹೆಚ್ಚೇ ಎಂಬ ಪ್ರವಾದಿ ವಚನದ ಅರ್ಥ ಈ ಲೆಕ್ಕದಲ್ಲಿ ಕಾಣುತ್ತದೆ. ಇಂಥ ಮನೆಯವರು 2 ಲಕ್ಷವನ್ನು ಆಸ್ಪತ್ರೆಗೆ ಬರೆದರೆ ಅದು ಸಣ್ಣತನವಲ್ಲ, ವಿವೇಕ.

ಕೊಡಲು ಮೂರು ದಾರಿಗಳಿವೆ. ಬದುಕಿರುವಾಗಲೇ ಕೊಟ್ಟುಬಿಡುವುದು ಹಿಬಾ. ಕೊಟ್ಟದ್ದನ್ನು ಸ್ವಾಧೀನಕ್ಕೂ ಒಪ್ಪಿಸಬೇಕು. ವಕ್ಫ್ ಮಾಡಿದರೆ ಹಿಂದಕ್ಕೆ ಪಡೆಯುವಂತಿಲ್ಲ. ವಸೀಯತ್ತನ್ನು ಕೊನೆಯವರೆಗೂ ಬದಲಾಯಿಸಬಹುದು, ಮರಣದ ನಂತರವೇ ಅದು ಜಾರಿಗೆ ಬರುತ್ತದೆ. ಮರಣಶಯ್ಯೆಯ ಕಾಯಿಲೆಯಲ್ಲಿ ಕೊಟ್ಟ ದಾನಕ್ಕೂ ಮೂರರಲ್ಲಿ ಒಂದರ ಮಿತಿ ಅನ್ವಯವಾಗುತ್ತದೆ. ಮಿತಿಯನ್ನು ಮೀರಿದ ವಸೀಯತ್ತಿಗೆ ಹನಫಿ ಮಝ್‌ಹಬಿನಲ್ಲಿ ವಾರಸುದಾರರು ಮರಣದ ನಂತರ ಒಪ್ಪಿಗೆ ಕೊಡಬೇಕು. ಮೊದಲೇ ಪಡೆದ ಒಪ್ಪಿಗೆ ಸಾಲದು. ಝಕಾತಿಗೆ ಎಂಟು ವರ್ಗಗಳ ಕಟ್ಟುಪಾಡಿದೆ. ವಸೀಯತ್ತಿಗೆ ಆ ಕಟ್ಟುಪಾಡಿಲ್ಲ, ಯಾವ ಧರ್ಮದ ಮಗುವಿಗೂ ಅದು ಸಲ್ಲಬಹುದು.

ನಮ್ಮ ದೇಶದ ಕಾನೂನಿನಲ್ಲಿ ಮುಸ್ಲಿಮನ ವಸೀಯತ್ ಬಾಯಿಮಾತಿನದಾದರೂ ಸಿಂಧು. ಆದರೆ ಬಾಯಿಮಾತು ಕುಟುಂಬದ ಜಗಳಕ್ಕೆ ಬೀಜ. ಬರೆಯಬೇಕಾದ ವಸೀಯತ್ ಇರುವವನು ಅದನ್ನು ಬರೆಯದೆ ಎರಡು ರಾತ್ರಿಗಳನ್ನೂ ಕಳೆಯಬಾರದೆಂಬ ಹದೀಸಿದೆ. ಆದ್ದರಿಂದ ಬರೆಯಿರಿ, ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿರಿ, ಸಾಧ್ಯವಾದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿರಿ. ಆಸ್ಪತ್ರೆಯ ಅಥವಾ ಟ್ರಸ್ಟಿನ ಪೂರ್ಣ ಹೆಸರು, ಉದ್ದೇಶ ಮತ್ತು ಆ ಸಂಸ್ಥೆ ಮುಚ್ಚಿಹೋದರೆ ಹಣ ಎಲ್ಲಿಗೆ ಹೋಗಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ವಕ್ಫ್ ಮಾಡುವವರು ಗಮನಿಸಬೇಕಾದದ್ದು, 1995ರ ವಕ್ಫ್ ಕಾಯಿದೆಗೆ 2025ರಲ್ಲಿ ದೊಡ್ಡ ತಿದ್ದುಪಡಿಗಳಾಗಿವೆ. ಬಲ್ಲ ವಕೀಲರನ್ನು ಕೇಳದೆ ಮುಂದುವರಿಯಬಾರದು. ಷರತ್ತುಗಳಲ್ಲಿ ದುರಸ್ತಿಯ ವೆಚ್ಚವನ್ನು ಮೊದಲು ಇಡಿ. ವಕ್ಫಿನ ಆದಾಯವು ಮೊದಲು ಅದರ ಆಸ್ತಿಯ ಉಳಿವಿಗೆ ಹೋಗಬೇಕೆಂಬುದು ಫುಕಹಾಗಳ ನಿಯಮ. ಮೂಲವೇ ಕುಸಿದರೆ ಫಲ ಎಲ್ಲಿಂದ ಬಂದೀತು?

ಇವೆಲ್ಲಕ್ಕೂ ಮೊದಲು ಮನೆಯವರೊಡನೆ ಕುಳಿತು ಮಾತನಾಡಿರಿ. ಪತ್ನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅವರವರ ಪಾಲು ಏನೆಂದು ನಿಮ್ಮ ಬಾಯಿಂದಲೇ ತಿಳಿಯಲಿ. ಆಮೇಲೆ ಕಾಯಿಲೆಯ ಮಗುವಿನ ಪಾಲನ್ನು ಹೇಳಿರಿ. ತಮ್ಮ ಹಕ್ಕು ತಮಗೆ ದೊರೆತಿದೆಯೆಂದು ತಿಳಿದ ಮಗಳು ತಂದೆಯ ದಾನಕ್ಕೆ ಮನಸಾರೆ ದುಆ ಮಾಡುವಳು. ಆಗ ನಿರಂತರ ದಾನ ಮತ್ತು ಪ್ರಾರ್ಥಿಸುವ ಸಂತಾನ, ಎರಡು ಬಾಗಿಲುಗಳೂ ಒಟ್ಟಿಗೆ ತೆರೆದಿರುವುವು.

ಅಲ್ಲಾಹನು ನಮ್ಮ ಸಂಪತ್ತಿನಲ್ಲಿ ವಾರಸುದಾರರ ಹಕ್ಕನ್ನೂ ರೋಗಿಗಳ ಹಕ್ಕನ್ನೂ ಪೂರೈಸುವ ತೌಫೀಕನ್ನು ನಮಗೆ ನೀಡಲಿ. ಆಸ್ಪತ್ರೆಯ ಹಾಸಿಗೆಗಳಲ್ಲಿರುವ ಎಲ್ಲ ಮಕ್ಕಳಿಗೂ ಶಿಫಾ ಕರುಣಿಸಲಿ. ಆಮೀನ್.